ಹಸಿರು ದೀಪದ ಸೆಕೆಂಡು ಹೆಚ್ಚಿಸಿದರೆ ವಾಹನಗಳ ಸಾಲು ಕರಗುವುದೇ?

ಹೊಸೂರು: ಇಲ್ಲಿಂದ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಸುಮಾರು 40 ಕಿ.ಮೀ. ಒಂದು ದೂರವೇ ಅಲ್ಲ. ಹೊತ್ತು ಹೋಗುವುದು ಸಿಗ್ನಲ್‌ಗಳಲ್ಲಿ. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ 2010ರಲ್ಲಿ ತೆರೆದ ಬಳಿಕ ಅದರ ಮೇಲೆ ಸರಾಗವಾಗಿ ಬಂದ ವಾಹನಗಳು ಕೆಳಗಿಳಿದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಲ್ಲತೊಡಗಿದವು. ಸೇತುವೆ ಸಾಲನ್ನು ಕರಗಿಸಲಿಲ್ಲ, ಮುಂದಕ್ಕೆ ತಳ್ಳಿತು ಅಷ್ಟೆ.

ಸಾಲು ಬೆಳೆದಾಗಲೆಲ್ಲ ಕೇಳಿಬರುವ ಬೇಡಿಕೆ ಒಂದೇ: ಹಸಿರು ದೀಪದ ಸಮಯ ಹೆಚ್ಚಿಸಿ. ಕೇಳಲು ನ್ಯಾಯವಾಗಿದೆ. ಆದರೆ ಲೆಕ್ಕ ಅಷ್ಟು ಸರಳವಲ್ಲ.

ಸಿಗ್ನಲ್ ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಬದಲಾದಾಗಲೆಲ್ಲ ಹಳದಿ ದೀಪ, ಮುಂದಿನವರು ಗಾಡಿ ಚಾಲೂ ಮಾಡಿ ಹೊರಡುವ ತಡ ಎಂದು ಸುಮಾರು 4 ಸೆಕೆಂಡ್ ವ್ಯರ್ಥವಾಗುತ್ತದೆ ಎಂದಿಟ್ಟುಕೊಳ್ಳೋಣ. ನಾಲ್ಕು ದಿಕ್ಕಿಗೂ ಬೇರೆ ಬೇರೆ ಹಸಿರು ಕೊಟ್ಟರೆ ಒಂದು ಸುತ್ತಿಗೆ 16 ಸೆಕೆಂಡ್ ಯಾರಿಗೂ ಇಲ್ಲ. ಬ್ರಿಟನ್ನಿನ ಎಂಜಿನಿಯರ್ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರವನ್ನು ಇಂದಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುತ್ತಾರೆ: ವ್ಯರ್ಥ ಸಮಯದ ಒಂದೂವರೆ ಪಟ್ಟಿಗೆ 5 ಸೇರಿಸಿ, ಬಂದ ಸಂಖ್ಯೆಯನ್ನು ಜಂಕ್ಷನ್ನಿನಲ್ಲಿ ಇನ್ನೂ ಖಾಲಿ ಉಳಿದಿರುವ ಸಾಮರ್ಥ್ಯದ ಪಾಲಿನಿಂದ ಭಾಗಿಸಬೇಕು. ಶೇ. 60ರಷ್ಟು ತುಂಬಿದ್ದರೆ ಒಂದು ಸುತ್ತು 73 ಸೆಕೆಂಡ್ ಸಾಕು. ಶೇ. 75 ತುಂಬಿದ್ದರೆ 116. ಶೇ. 90 ತುಂಬಿದರೆ 290, ಅಂದರೆ ಸುಮಾರು ಐದು ನಿಮಿಷ! ಅಷ್ಟು ಹೊತ್ತು ಕೆಂಪು ದೀಪ ನೋಡುತ್ತ ನಿಲ್ಲುವ ತಾಳ್ಮೆ ಬೈಕ್ ಸವಾರನಿಗೆ ಎಲ್ಲಿದೆ? ಸಾಮಾನ್ಯವಾಗಿ ಸುತ್ತನ್ನು 120 ಸೆಕೆಂಡ್ ಮೀರಿಸಬಾರದು ಎನ್ನುವುದು ಇದಕ್ಕೇ. ಆ ಹಂತ ದಾಟಿದ ಜಂಕ್ಷನ್ನಿಗೆ ಬೇಕಾದದ್ದು ಹೆಚ್ಚು ಸೆಕೆಂಡಲ್ಲ. ಒಂದು ಬಲ ತಿರುವು ನಿಲ್ಲಿಸುವುದೋ, ಬಸ್ ನಿಲುಗಡೆಯನ್ನು ಜಂಕ್ಷನ್ನಿನಿಂದ ಆಚೆ ಸರಿಸುವುದೋ ಆಗಬೇಕು.

ಈ ಲೆಕ್ಕದಲ್ಲಿ ಮೊದಲು ಕೈಬಿಟ್ಟುಹೋಗುವವರು ನಡೆದು ಹೋಗುವವರು. ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಿಡಿದರೆ 14 ಮೀಟರ್ ರಸ್ತೆ ದಾಟಲು 12 ಸೆಕೆಂಡ್ ಬೇಕು. ಸಂತೆಯಿಂದ ಚೀಲ ಹೊತ್ತು ಬರುವ ಅಜ್ಜಿ 0.8 ಮೀಟರಿನಂತೆ ನಡೆದರೆ 17 ಸೆಕೆಂಡೂ ಸಾಲದು. ಮೇಲಾಗಿ ‘ಫ್ರೀ ಲೆಫ್ಟ್’ ಇರುವಲ್ಲಿ ಎಡಕ್ಕೆ ತಿರುಗುವ ವಾಹನ ಆಕೆಗಾಗಿ ನಿಲ್ಲುವುದೇ ಇಲ್ಲ.

ಗೂಗಲ್‌ನ ‘ಗ್ರೀನ್ ಲೈಟ್’ ಯೋಜನೆ 2023ರ ಹೊತ್ತಿಗೆ ಬೆಂಗಳೂರು, ಹೈದರಾಬಾದ್, ಕೋಲ್ಕತ್ತ ಸೇರಿ 12 ನಗರಗಳಿಗೆ ಬಂದಿತ್ತು. ಮ್ಯಾಪ್ಸ್‌ನಲ್ಲಿ ಸಿಗುವ ವಾಹನ ಸಂಚಾರದ ಮಾಹಿತಿ ನೋಡಿ ಯಾವ ಸಿಗ್ನಲ್‌ನಲ್ಲಿ ಎಷ್ಟು ಸೆಕೆಂಡ್ ಬದಲಿಸಬಹುದೆಂದು ಅದು ಸಲಹೆ ಕೊಡುತ್ತದೆ. ಬದಲಿಸುವ ಅಧಿಕಾರ ನಗರದವರದ್ದೇ. ಹೊಸ ಯಂತ್ರ ಬೇಡವಾದ್ದರಿಂದ ಸಣ್ಣ ಊರುಗಳಿಗೂ ಇಂಥದ್ದು ಆಕರ್ಷಕವೇ. ಆದರೆ ಕಾರು ಓಡಿದ ಲೆಕ್ಕದಲ್ಲಿ ಆ ಅಜ್ಜಿ ಎಲ್ಲೂ ಕಾಣುವುದಿಲ್ಲ.

ಹೊಸೂರಿನ ಪರಿಸ್ಥಿತಿ ಬೇರೆ. 2019ರಲ್ಲಿ ಮಹಾನಗರ ಪಾಲಿಕೆಯಾದ ಈ ಊರಿನಲ್ಲಿ ಬಾಗಲೂರು, ತಳಿ, ದೇಂಕಣಿಕೋಟೆ, ರಾಯಕೋಟೆ ಕಡೆಯ ಸಂಚಾರವೆಲ್ಲ ಬಂದು ಸೇರುತ್ತದೆ. ಪಕ್ಕದಲ್ಲೇ 44ನೇ ರಾಷ್ಟ್ರೀಯ ಹೆದ್ದಾರಿಯ ಲಾರಿಗಳು. ಕಾರ್ಖಾನೆಗಳ ಪಾಳಿ ಬದಲಾಗುವ ಅರ್ಧ ಗಂಟೆಯ ರಸ್ತೆಯೇ ಬೇರೆ, ಮಧ್ಯಾಹ್ನ ಎರಡೂವರೆಯ ರಸ್ತೆಯೇ ಬೇರೆ. ಬೆಳಗಿನಿಂದ ರಾತ್ರಿವರೆಗೆ ಒಂದೇ ಸೆಕೆಂಡುಗಳಿಗೆ ಕಟ್ಟಿಟ್ಟ ಸಿಗ್ನಲ್ ಈ ಎರಡರಲ್ಲಿ ಒಂದಕ್ಕೆ ತಪ್ಪೇ ಆಗಿರುತ್ತದೆ. ಪಾಳಿ ಬಿಡುವ ಹೊತ್ತಿನಲ್ಲೇ ಜಂಕ್ಷನ್ನಿನಲ್ಲಿ ನಿಂತು ಬಸ್ಸು, ಲಾರಿ, ಬೈಕುಗಳ ಜೊತೆ ರಸ್ತೆ ದಾಟುವವರನ್ನೂ ಎಣಿಸಲು ದೊಡ್ಡ ಹಣವೇನೂ ಬೇಡ. ನಾಲ್ಕಾರು ಜನ, ಒಂದು ವಾರ ಸಾಕು.