ಉಪದೇಶ ಸಾಕು, ಹುಡುಗರಿಗೆ ಒಂದು ಗಂಟೆ ಬಿಟ್ಟುಕೊಡಿ

ಯುವಜನರ ಮನಸ್ಸಿನ ಆರೋಗ್ಯದ ಬಗ್ಗೆ ಮಾತಿಗೇನೂ ಈಗ ಬರವಿಲ್ಲ. ವಿಶ್ವ ಮಾನಸಿಕ ಆರೋಗ್ಯ ದಿನವಾದ ಅಕ್ಟೋಬರ್ 10 ಬಂದರೆ ಊರೂರಲ್ಲಿ ಜಾಥಾ, ಉಪನ್ಯಾಸ. ಚೆನ್ನಾಗಿ ನಿದ್ದೆ ಮಾಡಿ, ಮೈದಣಿಯುವಷ್ಟು ಆಡಿ, ಮನಸ್ಸು ಬಿಚ್ಚಿ ಮಾತಾಡಿ ಎಂಬ ಸಲಹೆ. ಅದರಲ್ಲಿ ತಪ್ಪಿಲ್ಲ. ಆದರೆ ದಾವಣಗೆರೆಯಂಥ ವಿದ್ಯಾನಗರಿಯಲ್ಲಿ ಅದನ್ನು ಕೇಳಿಸಿಕೊಳ್ಳುವ ಪಿಯು ವಿದ್ಯಾರ್ಥಿಯ ದಿನ ಹೇಗಿರುತ್ತದೆ? ಬೆಳಗಿನ ಜಾವ ಐದಕ್ಕೆ ಹಾಸ್ಟೆಲ್ ಗಂಟೆ, ಹಗಲೆಲ್ಲ ತರಗತಿ, ಸಂಜೆ ನೀಟ್ ಇಲ್ಲವೇ ಸಿಇಟಿ ಕೋಚಿಂಗ್, ರಾತ್ರಿ ಹನ್ನೊಂದರ ತನಕ ಓದು, ಭಾನುವಾರ ಟೆಸ್ಟ್. ಇಂಥ ವೇಳಾಪಟ್ಟಿ ಅಪರೂಪವೇನಲ್ಲ. ಹರಿಹರದಿಂದ ದಿನಾ ಓಡಾಡುವವರಿಗೆ ಬಸ್ಸು ಕಾಯುವ ಹೊತ್ತು ಬೇರೆ. ತನ್ನ ಮನಸ್ಸನ್ನು ತಾನು ನೋಡಿಕೊಳ್ಳಲು ಮೊದಲು ಬೇಕಾದದ್ದು ಬಿಡುವು. ಆ ಬಿಡುವಿನ ಕೀಲಿಕೈ ಇರುವುದು ಹಿರಿಯರ ಕೈಯಲ್ಲಿ. ಅದನ್ನು ಕೊಡದೆ ಹೇಳುವ ಬುದ್ಧಿಮಾತಿಗೆ ಬೆಲೆಯಿಲ್ಲ.

ಲೆಕ್ಕ ಸರಳ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ನಿದ್ರಾತಜ್ಞರು. 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಬೆವರಿಳಿಯುವಂತೆ ಮೈ ಆಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಹನ್ನೊಂದಕ್ಕೆ ಮಲಗಿ ಐದಕ್ಕೆ ಏಳುವವರಿಗೆ ಸಿಗುವುದು ಹೆಚ್ಚೆಂದರೆ ಆರು ಗಂಟೆ. ಹದಿಹರೆಯದಲ್ಲಿ ನಿದ್ದೆಯ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಹಾಗಾಗಿ ಬೇಗ ಮಲಗು ಎಂದು ಗದರಿದರೂ ನಿದ್ದೆ ಬಾರದು. ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಎಂದಮೇಲೆ ಒಂದು ಗಂಟೆ ನಿದ್ದೆ ಕೊಟ್ಟರೆ ರ್‍ಯಾಂಕ್ ಕೈತಪ್ಪುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತ್ತು. 60 ಮಕ್ಕಳ ಒಂದು ತರಗತಿಗೆ ಇದನ್ನು ಅನ್ವಯಿಸಿದರೆ ನಾಲ್ಕು ಮಕ್ಕಳಾಗುತ್ತಾರೆ.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಾವು ಬದುಕಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಆ ಕಾಲ ಹೇಗಿತ್ತೆಂದು ನೆನಪಿಸಿಕೊಳ್ಳೋಣ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸೈರನ್ ಮೊಳಗುತ್ತಿತ್ತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಓದು ಹತ್ತದ ಹುಡುಗ ಐಟಿಐ ಮಾಡಿ ಪಾಳಿ ಕೆಲಸ ಹಿಡಿದರೂ ಮನೆ ನಡೆಯುತ್ತಿತ್ತು, ಊರಲ್ಲಿ ಮರ್ಯಾದೆಯೂ ಇತ್ತು. ಈಗ ಗಿರಣಿಗಳು ಮೌನವಾಗಿವೆ, ಕಿರ್ಲೋಸ್ಕರ್ ಬಾಗಿಲು ಹಾಕಿ ಎರಡು ದಶಕ ಕಳೆದಿದೆ. ಮನೆಯವರ ಆಸೆಯೆಲ್ಲ ಒಂದು ಪರೀಕ್ಷೆಯ ಮೇಲೆ ಬಂದು ಕೂತಿದೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಎಷ್ಟೇ ಓದಿದರೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಸೀಟು ಸಿಗದ ಸ್ಪರ್ಧೆ ಇದು. ಹಿರಿಯರು ಗಟ್ಟಿಗರು, ಕಿರಿಯರು ಪುಕ್ಕಲರು ಎಂಬ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಆಕ್ಷೇಪ: ಬಿಡುವು ಕೊಟ್ಟರೆ ರೀಲ್ಸ್ ನೋಡುತ್ತಾ ಕೂರುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಆದರೆ ದಣಿದ ತಲೆಗೆ ಹದಿನೈದೇ ನಿಮಿಷ ಸಿಕ್ಕಾಗ, ಮೈದಾನವಾಗಲಿ ಗೆಳೆಯರಾಗಲಿ ಹತ್ತಿರದಲ್ಲಿ ಇಲ್ಲದಾಗ, ಕೈ ಹೋಗುವುದು ಮೊಬೈಲಿಗೇ. ಸಂಜೆ ಪೂರ್ತಿ ಒಂದು ಗಂಟೆ ಬಿಟ್ಟರೆ ಕುಂದವಾಡ ಕೆರೆಯ ಏರಿ ಇದೆ, ಹರಿಹರದವರಿಗೆ ತುಂಗಭದ್ರೆಯ ದಂಡೆ ಇದೆ. ಗಾಡಿ ಪಕ್ಕ ನಿಂತು ಮಂಡಕ್ಕಿ-ಮಿರ್ಚಿ ತಿನ್ನುವ ಅರ್ಧ ಗಂಟೆಯನ್ನು ಪೋಲಿತನ ಎಂದುಕೊಳ್ಳಬೇಕಿಲ್ಲ. ಟೆಸ್ಟಿನಲ್ಲಿ ಕಡಿಮೆ ಅಂಕ ಬಂದದ್ದನ್ನು ಹುಡುಗರು ಮೊದಲು ಬಾಯಿಬಿಡುವುದು ಇಂಥಲ್ಲೇ. ಹೆಣ್ಣುಮಕ್ಕಳಿಗೆ ಆ ಅವಕಾಶವೂ ಕಡಿಮೆ. ಅವರು ಅಂಜಿಕೆಯಿಲ್ಲದೆ ಕೂತು ಹರಟುವ ಜಾಗವನ್ನು ಕಾಲೇಜು, ಹಾಸ್ಟೆಲ್‌ಗಳೇ ಮಾಡಿಕೊಡಬೇಕು. ಯುವಜನರ ಪಾಲಿನ ಹೊಣೆಯೂ ಇಲ್ಲದಿಲ್ಲ: ಮಲಗುವಾಗ ಮೊಬೈಲನ್ನು ಹಾಸಿಗೆಯಿಂದ ದೂರ ಇಡುವುದು, ಏಳುವ ಹೊತ್ತನ್ನು ದಿನಾ ಒಂದೇ ಇಟ್ಟುಕೊಳ್ಳುವುದು, ಇದ್ದದ್ದು ಇದ್ದ ಹಾಗೆ ಹೇಳಿಕೊಳ್ಳಲು ಒಬ್ಬರನ್ನಾದರೂ ಉಳಿಸಿಕೊಳ್ಳುವುದು ಅವರ ಕೈಯಲ್ಲೇ ಇದೆ.

ವಾಕಿಂಗ್, ನಿದ್ದೆಯಿಂದ ಕಾಯಿಲೆ ವಾಸಿಯಾಗುತ್ತದೆಯೇ ಎಂದು ವೈದ್ಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆಗುವುದಿಲ್ಲ. ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಊಟ-ನಿದ್ದೆ ಕೆಟ್ಟರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. 2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. 100 ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಒಬ್ಬರಾದರೂ ತರಬೇತಾದ ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಸೂಚಿಸಿದೆ. ಕೋಚಿಂಗ್ ಕೇಂದ್ರಗಳು ದಿನಕ್ಕೆ 5 ಗಂಟೆಗಿಂತ ಹೆಚ್ಚು ಪಾಠ ಮಾಡಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಇವೆಲ್ಲ ಕಾಗದದ ಮೇಲೇ ಉಳಿಯುತ್ತವೋ ಜಾರಿಗೆ ಬರುತ್ತವೋ ಎಂಬುದು ಬಹುಪಾಲು ಫೀಸು ಕಟ್ಟುವವರ ಮೇಲೆ ನಿಂತಿದೆ. ಅಡ್ಮಿಷನ್‌ಗೆ ಹೋದಾಗ ಹೋದ ವರ್ಷ ಎಷ್ಟು ಮೆಡಿಕಲ್ ಸೀಟು ಬಂದವು ಎಂದು ಕೇಳುವ ತಂದೆತಾಯಿ, ಹಾಸ್ಟೆಲಲ್ಲಿ ದೀಪ ಆರುವುದು ಎಷ್ಟು ಗಂಟೆಗೆ, ಆಟಕ್ಕೆ ಬಿಡುವುದು ಯಾವಾಗ, ಸಮಾಲೋಚಕರು ಕೂರುವ ಕೋಣೆ ಯಾವುದು ಎಂದೂ ಕೇಳಲಿ. ಫೀಸು ಕಟ್ಟುವವರೇ ಕೇಳತೊಡಗಿದರೆ ಯಾವ ಕಾಲೇಜೂ ಬಹಳ ದಿನ ಉತ್ತರಿಸದೆ ಇರಲಾರದು.