ಬಾತುರ್ ಬುಡದಲ್ಲೊಂದು ಜಿಪ್ಸಿ

ಹೋದ ಸಂಚಿಕೆಯಲ್ಲಿ ಬಾಲಿಯ ವೀಸಾ, ಊಟ, ಮಂಗಗಳ ಕಾಟ ಎಲ್ಲವನ್ನೂ ಉದ್ದಕ್ಕೆ ಬರೆದು, ಜ್ವಾಲಾಮುಖಿಯ ಜೀಪ್ ಸವಾರಿಯನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಚೆನ್ನೈ ಮತ್ತು ಹೈದರಾಬಾದಿನ ಇಬ್ಬರು ಓದುಗರು ಅದನ್ನು ಸರಿಯಾಗಿ ಹಿಡಿದಿದ್ದಾರೆ. ‘ವಯಸ್ಸಾದ ಅಪ್ಪ–ಅಮ್ಮನನ್ನು ಅದಕ್ಕೆ ಕರೆದುಕೊಂಡು ಹೋಗಬಹುದೇ?’ ಎಂಬುದು ಅವರ ಪ್ರಶ್ನೆ. ಹೋಗಬಹುದು. ನಾನು ಕರೆದುಕೊಂಡು ಹೋದವರಿಗೆ ಎಪ್ಪತ್ತೊಂದು ವರ್ಷ, ಮಂಡಿ ಎರಡೂ ಸವೆದಿವೆ. ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಕಾರಣ ಬೇರೆ ಇತ್ತು.

ಬಾತುರ್ ಬಾಲಿಯ ಉತ್ತರಕ್ಕಿರುವ ಜೀವಂತ ಜ್ವಾಲಾಮುಖಿ, ಎತ್ತರ 1,717 ಮೀಟರ್. ನಮ್ಮ ಕೊಡಚಾದ್ರಿ 1,343. ಹೆಚ್ಚಿನವರು ರಾತ್ರಿ ಎರಡಕ್ಕೆದ್ದು, ಟಾರ್ಚು ಹಿಡಿದು, ತುದಿಯವರೆಗೆ ನಡೆದೇ ಹತ್ತುತ್ತಾರೆ. ಮಂಡಿ ಕೇಳದವರಿಗೆ, ಚಿಕ್ಕ ಮಕ್ಕಳಿರುವವರಿಗೆ ಜೀಪು. ಅದು ತುದಿಗೆ ಹೋಗುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡಿರಿ. ಎದುರಿನ ದಿಬ್ಬವೊಂದಕ್ಕೆ ಹತ್ತಿಸಿ, ಸೂರ್ಯೋದಯ ತೋರಿಸಿ, ಆಮೇಲೆ ಕೆಳಗಿಳಿಸಿ ಕಪ್ಪು ಲಾವಾದ ಬಯಲಿನಲ್ಲಿ ಸುತ್ತಾಡಿಸುತ್ತಾರೆ. ಒಂದು ಜೀಪಿಗೆ ನಾಲ್ಕು ಜನ. ನಾವು ಉಬುದ್‌ನಿಂದ ಕಾರಿನಲ್ಲಿ ಕರೆದೊಯ್ದು ವಾಪಸು ಬಿಡುವುದೂ ಸೇರಿ 15 ಲಕ್ಷ ರುಪಿಯಾ ಕೊಟ್ಟೆವು. ಲಕ್ಷ ಎಂದೊಡನೆ ಎದೆ ಹಿಡಿದುಕೊಳ್ಳಬೇಡಿ, ನಮ್ಮ ಲೆಕ್ಕದಲ್ಲಿ ಎಂಟು ಸಾವಿರ ಚಿಲ್ಲರೆ.

ಬೆಳಗಿನ ಜಾವ ಮೂರಕ್ಕೆ ಹೊರಟೆವು. ಅಪ್ಪ ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಇಟ್ಟುಕೊಂಡಿದ್ದರು. “ಈಗ ಹನ್ನೆರಡೂವರೆ. ಇನ್ನೂ ಮಲಗೋ ಹೊತ್ತು. ಎಲ್ಲಿಗೆ ಅಂದೆ?”

“ಕಿಂತಮಣಿಗೆ ಅಪ್ಪ.”

“ಚಿಂತಾಮಣಿಯಾ? ಅದು ಕೋಲಾರದ ಕಡೆ ಆಯ್ತಲ್ಲ.”

ಹಿಂದಿನ ಸೀಟಿನಲ್ಲಿ ಇವಳು ನಕ್ಕಳು. ಎಂಟು ವರ್ಷದ ಮಗಳು ನಿದ್ದೆಗಣ್ಣಲ್ಲೇ “ಕಾಯ್ ಝಾಲಂ?” ಎಂದಳು. ಪುಣೆಯಲ್ಲಿ ಹುಟ್ಟಿದ ಮಕ್ಕಳಿಗೆ ನಿದ್ದೆಯಲ್ಲಿ ಬರುವ ಭಾಷೆ ಮರಾಠಿಯೇ.

ಕಿಂತಮಣಿ ಇರುವುದು ಒಂದು ದೊಡ್ಡ ಬಾಣಲೆಯ ಅಂಚಿನ ಮೇಲೆ. ಸಾವಿರಾರು ವರ್ಷಗಳ ಹಿಂದೆ ಭಾರೀ ಸ್ಫೋಟಗಳಾಗಿ ಹಳೆಯ ಪರ್ವತವೇ ಒಳಗೆ ಕುಸಿದು ಉಂಟಾದ ಬಾಣಲೆ ಅದು, ಸುಮಾರು 13 ಕಿಲೋಮೀಟರ್ ಉದ್ದ, 10 ಕಿಲೋಮೀಟರ್ ಅಗಲ. ಅದರ ನಡುವೆ ಆಮೇಲೆ ಎದ್ದ ಶಂಕುವೇ ಈಗಿನ ಬಾತುರ್. ಪಕ್ಕದಲ್ಲಿ ಬಾಲಿಯ ಅತಿ ದೊಡ್ಡ ಕೆರೆ. ಅಂಚಿನಿಂದ ಒಳಗೆ ಇಳಿಯುವ ರಸ್ತೆ ಹುಲಿಕಲ್ ಘಾಟಿಯನ್ನು ನೆನಪಿಸುತ್ತದೆ. ಉಷ್ಣವಲಯದ ದ್ವೀಪವೆಂದು ಬನಿಯನ್ನು, ಚಡ್ಡಿಯಲ್ಲಿ ಬಂದವರು ಇಲ್ಲಿ ಗಡಗಡ ನಡುಗುತ್ತಾರೆ. ಸ್ವೆಟರ್ ಇರಲಿ. ಚಪ್ಪಲಿ ಬೇಡ, ಬೂಟು ಹಾಕಿ.

ಜೀಪುಗಳು ನಿಲ್ಲುವ ಜಾಗದಲ್ಲಿ ಕತ್ತಲೆ, ಹೊಗೆ, ಗಲಾಟೆ. ಜೀಪು ಎನ್ನುತ್ತಾರಾದರೂ ಇರುವುದು ಹಳೆಯ ಲ್ಯಾಂಡ್ ಕ್ರೂಸರ್‌ಗಳು, ಸುಜುಕಿ ಜಿಮ್ನಿಗಳು. ನಮಗೆ ಸಿಕ್ಕಿದ್ದು ಹಸಿರು ಬಣ್ಣದ ಜಿಮ್ನಿ. ಅಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಟೈರು ಒದ್ದು ನೋಡಿದರು. “ಏ, ಇದು ನಮ್ಮ ಜಿಪ್ಸಿ ಕಣೋ!” ಎಂದರು. ಬಾಲಿಗೆ ಬಂದ ಮೂರು ದಿನದಲ್ಲಿ ಅವರ ದನಿ ಅಷ್ಟು ಏರಿದ್ದು ಅದೇ ಮೊದಲು. ಅವರು ಹೇಳಿದ್ದು ಸರಿಯೇ. ನಮ್ಮ ಮಾರುತಿ ಜಿಪ್ಸಿ ಇದೇ ಸುಜುಕಿಯ ಉದ್ದ ಮಾಡಿದ ರೂಪ.

ಅಪ್ಪ ಶಿವಮೊಗ್ಗದಲ್ಲಿ ಲೋಕೋಪಯೋಗಿ ಇಲಾಖೆಯ ಚಾಲಕರಾಗಿದ್ದವರು. ಮೊದಲು ಮಹೀಂದ್ರ ಜೀಪು, ಕೊನೆಗೆ ಜಿಪ್ಸಿ. ಅವರ ಪಕ್ಕ ಕೂತು ಬೇರೆಯವರ ವಾಹನದಲ್ಲಿ ಹೋಗುವುದು ಸುಲಭವಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಕೊಡಚಾದ್ರಿಗೆ ಬಾಡಿಗೆ ಜೀಪಿನಲ್ಲಿ ಹೋಗಿದ್ದೆವು. ಇಡೀ ದಾರಿ “ಗೇರ್ ಇಳಿಸು... ಈಗ ಇಳಿಸಬೇಕಿತ್ತು...” ಎಂದು ಗೊಣಗುತ್ತಲೇ ಇದ್ದರು. ಚಾಲಕ ಕೊನೆಗೆ ಗಾಡಿ ನಿಲ್ಲಿಸಿ, “ಯಜಮಾನ್ರೇ, ನೀವೇ ಹೊಡಿತೀರಾ?” ಎಂದು ಕೇಳಿದ್ದ. ಹಾಗಾಗಿ ಈ ಸಲ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸುವಾಗ ನನಗೆ ಸ್ವಲ್ಪ ಅಳುಕೇ ಇತ್ತು.

ಚಾಲಕನೇ ಗೈಡ್ ಕೂಡ. ಮೂವತ್ತರ ಆಸುಪಾಸಿನ ಹುಡುಗ. ಡ್ಯಾಷ್‌ಬೋರ್ಡಿನ ಮೇಲೆ ತೆಂಗಿನ ಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು, ಊದುಬತ್ತಿ. ಬಾಲಿಯಲ್ಲಿ ಸಾಮಾನ್ಯವಾಗಿ ಹುಟ್ಟಿದ ಕ್ರಮದಂತೆ ಹೆಸರಿಡುತ್ತಾರೆ. ಮೊದಲನೆಯದು ವಯಾನ್, ಎರಡನೆಯದು ಮಡೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಯಾನ್‌ನಿಂದ ಶುರು. ಆ ಮೈದಾನದಲ್ಲಿ ನಿಂತು “ವಯಾನ್!” ಎಂದು ಕೂಗಿದರೆ ಕಾಲು ಭಾಗ ಚಾಲಕರು ತಿರುಗಿ ನೋಡುತ್ತಾರೇನೋ. ನಮ್ಮವನು ಮನೆಗೆ ಮೂರನೆಯವನಂತೆ.

ಡಾಂಬರು ಮುಗಿದು ಬೂದಿಯ ದಾರಿ ಶುರುವಾಯಿತು. ಅದು ಮಣ್ಣೂ ಅಲ್ಲ, ಹೊಳೆಯ ಮರಳೂ ಅಲ್ಲ. ಹುರಿದ ರಾಗಿಯಂಥ ಕಪ್ಪು ಹರಳು, ಚಕ್ರದ ಕೆಳಗೆ ಜಾರುತ್ತದೆ. ಹಿಂದೆ ಕೂತ ನಾವು ಮೂವರೂ ಕಂಬಿ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಅಪ್ಪ ಮಾತ್ರ ನೆಟ್ಟಗೆ ಕೂತಿದ್ದರು. ಅವರ ಎಡಗಾಲು ಗಮನಿಸಿದೆ. ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು.

ಕಡಿದಾದ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಗಿರ್ರನೆ ಅಲ್ಲೇ ಸುತ್ತತೊಡಗಿತು. ಎಡಕ್ಕೆ ಪ್ರಪಾತ. ಇವಳು ಮಗಳನ್ನು ಅವುಚಿಕೊಂಡಳು. ಎಂಜಿನ್ ಇನ್ನಷ್ಟು ಒದರಿಸಿದರೆ ಗಾಡಿ ಹೂತುಹೋಗುತ್ತದೆಂದು ನನಗೂ ಗೊತ್ತು. ಹುಡುಗ ಹಾಗೆ ಮಾಡಲಿಲ್ಲ. ಆಕ್ಸಿಲರೇಟರ್ ಪೂರ್ತಿ ಬಿಟ್ಟ. ಹತ್ತು ಅಡಿ ಮೆಲ್ಲಗೆ ಹಿಂದಕ್ಕಿಳಿಸಿ, ಚಕ್ರ ನೆಟ್ಟಗೆ ಮಾಡಿ, ಚಿಕ್ಕ ಲಿವರ್ ಎಳೆದು ನಾಲ್ಕೂ ಚಕ್ರಕ್ಕೆ ಲೋ ಗೇರ್ ಕೊಟ್ಟು, ಒಂದೇ ವೇಗದಲ್ಲಿ, ಉಸಿರು ಕಟ್ಟಿದವನ ಹಾಗೆ ಮೇಲಕ್ಕೆ ತಂದ. ಅಪ್ಪ ಅವನ ತೊಡೆಯ ಮೇಲೆ ಒಮ್ಮೆ ತಟ್ಟಿದರು.

“ಕಲಿತವನು ಇವನು,” ಎಂದರು ನನ್ನ ಕಡೆ ತಿರುಗದೆ. ಅವರ ಬಾಯಿಂದ ಇನ್ನೊಬ್ಬ ಚಾಲಕನ ಬಗ್ಗೆ ಅಂಥ ಮಾತನ್ನು ನಾನು ಕೇಳಿರಲಿಲ್ಲ.

ಸೂರ್ಯೋದಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಚಿತ್ರಗಳು ನಿಮ್ಮ ಮೊಬೈಲಿನಲ್ಲಿ ಬೇಕಾದಷ್ಟಿವೆ. ಕೆರೆಯಾಚೆ ಆಗುಂಗ್ ಪರ್ವತದ ಕಪ್ಪು ತ್ರಿಕೋನ, ಅದರ ಬಗಲಲ್ಲಿ ಕೆಂಪು. 1963ರಲ್ಲಿ ಆಗುಂಗ್ ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರ ಮಡಿಲಲ್ಲಿರುವ ಬೆಸಾಕಿ ದೇವಾಲಯದಲ್ಲಿ ಆಗ ನಡೆಯುತ್ತಿದ್ದದ್ದು ನೂರು ವರ್ಷಕ್ಕೊಮ್ಮೆ ಮಾಡುವ ಏಕಾದಶ ರುದ್ರ ಎಂಬ ಮಹಾಪೂಜೆ. ಹೌದು, ಹೆಸರು ಹಾಗೇ ಇದೆ, ‘ಏಕ ದಶ ರುದ್ರ’. ಲಾವಾ ದೇವಾಲಯವನ್ನು ಬಿಟ್ಟು ಹರಿಯಿತು.

ದಿಬ್ಬದ ಮೇಲೆ ನನಗೆ ಇಷ್ಟವಾಗದ್ದನ್ನೂ ಹೇಳಬೇಕು. ನಲವತ್ತು–ಐವತ್ತು ಗಾಡಿಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರ ಟಾಪಿನ ಮೇಲೂ ಯಾರೋ ಕೈ ಅಗಲಿಸಿ ನಿಂತಿರುತ್ತಾರೆ, ಬಣ್ಣದ ಹೊಗೆ ಬಿಡುತ್ತಾರೆ, ಡ್ರೋನು ಗುಂಯ್‌ಗುಡುತ್ತದೆ. ಕೆಳಗೆ ಕೆರೆಯಂಚಿನಲ್ಲಿ ಈರುಳ್ಳಿ, ಟೊಮೆಟೊ ಬೆಳೆಯುವವರಿದ್ದಾರೆ. ಇಷ್ಟು ಗಾಡಿಗಳ ಧೂಳು ಹೋಗಿ ಕೂರುವುದು ಎಲ್ಲಿ? ನಾವೂ ಆ ಐವತ್ತರಲ್ಲಿ ಒಬ್ಬರು, ಹಾಗಾಗಿ ಜೋರಾಗಿ ಮಾತಾಡುವ ಹಕ್ಕಿಲ್ಲ. ಟಾಪ್ ಹತ್ತಲಿಲ್ಲ, ಅಷ್ಟೇ. ಹತ್ತೋಣವೆಂದು ಮಗಳು ಹಟ ಮಾಡಿದಾಗ ಅಪ್ಪ, “ಗಾಡಿ ತಲೆ ಮೇಲೆ ಕಾಲಿಡಬಾರದು ಪುಟ್ಟಾ” ಎಂದರು.

ತಿಂಡಿಗೆ ಬಾಳೆಹಣ್ಣಿನ ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಕಾಫಿ. ಅಲ್ಲಿನ ಕಾಫಿಯನ್ನು ಸೋಸುವುದಿಲ್ಲ. ಪುಡಿಯ ಮೇಲೇ ಬಿಸಿನೀರು ಹೊಯ್ದು ಕೊಡುತ್ತಾರೆ, ಚರಟ ತಳ ಸೇರುವವರೆಗೆ ಕಾಯಬೇಕು. ಕಿಂತಮಣಿ ಕಾಫಿಗೆ ಹೆಸರಾದ ಜಾಗ. ಕಿತ್ತಳೆ ಗಿಡಗಳ ನಡುವೆ ಬೆಳೆಯುತ್ತಾರೆ, ನಮ್ಮ ಕೊಡಗಿನ ಹಾಗೆ.

ಕಾರಣ ಬೇರೆ ಇತ್ತು ಎಂದೆನಲ್ಲ, ಅದು ಕೆಳಗಿಳಿದ ಮೇಲೆ ನಡೆದದ್ದು.

ಲಾವಾ ಬಯಲು ಎಂದರೆ ಕಣ್ಣು ಹೋದಷ್ಟು ದೂರ ಕಪ್ಪು ಕಲ್ಲು. ಉತ್ತ ಹೊಲ ಹಾಗೇ ಕಲ್ಲಾದಂತೆ, ಅಂಚುಗಳೆಲ್ಲ ಗಾಜಿನ ಚೂರಿನಷ್ಟು ಹರಿತ. ಪುಣೆಯ ಸುತ್ತ ನಾವು ಹತ್ತುವ ಕೋಟೆಗಳ ಕರಿಕಲ್ಲೂ ಲಾವಾವೇ, ಆದರೆ ಅದು ಆರೂವರೆ ಕೋಟಿ ವರ್ಷ ಹಳೆಯದು. ಇಲ್ಲಿ ಎದುರಿಗಿದ್ದ ಕಲ್ಲಿನಲ್ಲಿ ಬಹುಪಾಲು 1963ರದ್ದು, ಅಪ್ಪನಿಗಿಂತ ಚಿಕ್ಕದು. ಒಂದು ಬಿರುಕಿನಲ್ಲಿ ಜರೀಗಿಡ ಎದ್ದಿತ್ತು.

ಹುಡುಗ ಗಾಡಿ ನಿಲ್ಲಿಸಿ ಕೆಳಗೆ ಕೈ ತೋರಿಸಿದ. ಹಳೆಯ ಬಾತುರ್ ಊರು ಇದ್ದದ್ದು ಈ ಬುಡದಲ್ಲೇ ಎಂದ. 1917ರ ಭೂಕಂಪ, ಸ್ಫೋಟಗಳ ನಂತರವೂ ಜನ ಊರು ಬಿಟ್ಟಿರಲಿಲ್ಲ. 1926ರಲ್ಲಿ ಲಾವಾ ಮತ್ತೆ ಬಂತು. ಊರನ್ನೂ ದೇವಾಲಯವನ್ನೂ ಮುಚ್ಚಿತು. ಎಲ್ಲಕ್ಕಿಂತ ಎತ್ತರದಲ್ಲಿದ್ದ, ಕೆರೆಯ ದೇವತೆ ದೇವಿ ದನುವಿನ ಗುಡಿಯೊಂದು ಉಳಿಯಿತು. ಜನ ದೇವತೆಯನ್ನು ಎತ್ತಿಕೊಂಡು ಬಾಣಲೆಯ ಅಂಚಿಗೆ ಹತ್ತಿ, ಅಲ್ಲಿ ಹೊಸ ಊರು, ಹೊಸ ದೇವಾಲಯ ಕಟ್ಟಿಕೊಂಡರು. ಅವನ ಮುತ್ತಜ್ಜ ಹಾಗೆ ಹತ್ತಿದವರಲ್ಲಿ ಒಬ್ಬನಂತೆ.

ಇದನ್ನೆಲ್ಲ ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅಪ್ಪ ಕಲ್ಲುಗಳನ್ನೇ ನೋಡುತ್ತಿದ್ದರು. ಮಗಳು ಕೇಳಿದಳು, “ಅಜ್ಜ, ನಿಮ್ಮ ಊರೂ ಹೋಯ್ತು ಅಂತ ಅಪ್ಪ ಹೇಳಿದ್ರು. ಹೇಗೆ ಹೋಯ್ತು?”

ನಮ್ಮದು ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯಿಂದ ಎದ್ದು ಬಂದು ಶಿವಮೊಗ್ಗದ ಸುತ್ತ ಕಾಡು ಕಡಿದು ನೆಲೆಸಿದವರು. ಅಲ್ಲಿ ‘ಮುಳುಗಡೆಯವರು’ ಎಂದರೆ ಅದೇ ಒಂದು ಜಾತಿಯ ಹಾಗೆ. ಹಕ್ಕುಪತ್ರದ ಗೋಳು ಅರವತ್ತು ವರ್ಷವಾದರೂ ಪೂರ್ತಿ ಮುಗಿದಿಲ್ಲ. ಆ ಗೋಳನ್ನು ಕೇಳುತ್ತಲೇ ಬೆಳೆದೆ. ಸರ್ವೆ ನಂಬರು ಕೂಡ ಬಾಯಿಪಾಠ. ಆದರೆ ಎದ್ದು ಬಂದ ದಿನ ಹೇಗಿತ್ತೆಂದು ಮೂವತ್ತೆಂಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಅಪ್ಪ ಜಿಮ್ನಿಯ ಬಾನೆಟ್ಟಿಗೆ ಒರಗಿ ನಿಂತು ಹೇಳಿದರು. ಅವರಿಗಾಗ ಹತ್ತು ವರ್ಷ. ಮನೆಯ ಹೆಂಚು, ಬಾಗಿಲು, ತೊಲೆ ಎಲ್ಲ ಬಿಚ್ಚಿ ಲಾರಿಗೆ ಹೇರಿದ್ದರಂತೆ. ಅಡಿಕೆ ತೋಟವನ್ನು ಹೇರಲಾಗುವುದಿಲ್ಲವಲ್ಲ, ಅಜ್ಜ ಮರಗಳನ್ನು ಒಂದೊಂದಾಗಿ ಮುಟ್ಟಿ ಬಂದರಂತೆ. ಅಜ್ಜಿ ಲಾರಿಯ ಹಿಂದೆ ದೇವರ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅಳುತ್ತಿದ್ದರು.

“ನನ್ನನ್ನ ಡ್ರೈವರ್ ಪಕ್ಕ ಕೂರಿಸಿದ್ರು. ಮೋಟಾರು ಗಾಡಿ ಹತ್ತಿದ್ದು ಅವತ್ತೇ ಮೊದಲು. ಅವನು ಗೇರ್ ಹಾಕೋದನ್ನೇ ನೋಡ್ತಾ ಕೂತಿದ್ದೆ. ಘಟ್ಟದ ತಿರುವಲ್ಲಿ ಅವನು ಗಾಡಿ ತಿರುಗಿಸ್ತಿದ್ದ ರೀತಿ... ನಾನು ಡ್ರೈವರ್ ಆಗ್ಬೇಕು ಅನ್ಸಿದ್ದು ಅವತ್ತು.” ಸ್ವಲ್ಪ ಹೊತ್ತು ಸುಮ್ಮನಾದರು. “ಹಿಂದೆ ಅಮ್ಮ ಅಳೋದು ಕೇಳಿಸ್ತಿತ್ತು. ನನಗೆ ಖುಷಿ ಆಗಿತ್ತು ಕಣೋ. ಯಾರಿಗೂ ಹೇಳಿಲ್ಲ ಇದನ್ನ.”

ನಾನು ಏನೂ ಹೇಳಲಿಲ್ಲ. ಇವಳು ನೀರಿನ ಬಾಟಲಿ ಕೊಟ್ಟಳು. ಭಾಷೆ ತಿಳಿಯದೆ ನಮ್ಮ ಮುಖ ನೋಡುತ್ತಿದ್ದ ಹುಡುಗನಿಗೆ ಇಂಗ್ಲಿಷಿನಲ್ಲಿ ಅರ್ಧಂಬರ್ಧ ಹೇಳಿದೆ. ಅವನು “ಅಲ್ಲಿ ಲಾವಾನಾ?” ಎಂದು ಕೇಳಿದ. “ಅಲ್ಲ, ನೀರು” ಎಂದೆ. ಅವನಿಗೆ ಅದು ಸರಿಹೋಗಲಿಲ್ಲ. ಅವನ ಪ್ರಕಾರ ನೀರು ಕೊಡುವವಳು ದೇವಿ ದನು. ಅಲ್ಲಿನ ಗದ್ದೆಗಳ ನೀರಿನ ಹಂಚಿಕೆಯೇ ಅವಳ ಹೆಸರಿನಲ್ಲಿ ನಡೆಯುವಂಥದು. ನೀರು ಬಂದು ಊರು ಹೋಯಿತೆಂದರೆ ಅವನು ಹೇಗೆ ನಂಬಬೇಕು?

ವಾಪಸು ಹೋಗುವಾಗ ಅವನೇ ದಾರಿ ಬದಲಿಸಿ, ಪ್ಯಾಕೇಜಿನಲ್ಲಿ ಇಲ್ಲದಿದ್ದರೂ, ಅಂಚಿನ ಮೇಲಿರುವ ಉಲುನ್ ದನು ಬಾತುರ್ ದೇವಾಲಯಕ್ಕೆ ಕರೆದೊಯ್ದ. ಅಲ್ಲಿ ‘ಪುರ’ ಎಂದರೆ ಊರಲ್ಲ, ಗುಡಿ. ಸೊಂಟಕ್ಕೆ ಪಂಚೆ ಸುತ್ತಿಕೊಳ್ಳದೆ ಒಳಗೆ ಬಿಡುವುದಿಲ್ಲ. ನನಗೆ ಬಾಡಿಗೆಯದು ಸುತ್ತಿಕೊಳ್ಳಲು ಐದು ನಿಮಿಷ ಬೇಕಾಯಿತು, ಅಪ್ಪನಿಗೆ ಐದು ಸೆಕೆಂಡು. ಹನ್ನೊಂದು ಅಂತಸ್ತಿನ ಹುಲ್ಲಿನ ಮಾಡುಗಳ ಗೋಪುರದ ಮುಂದೆ ಅವರು ಬಹಳ ಹೊತ್ತು ನಿಂತಿದ್ದರು. ನಾನು ಮೆಟ್ಟಿಲ ಮೇಲೆ ಕೂತೆ.

ಹೊರಡುವಾಗ ಹುಡುಗ ಕೀಲಿಯನ್ನು ಅಪ್ಪನ ಮುಂದೆ ಹಿಡಿದು ಚಾಲಕನ ಸೀಟಿನ ಕಡೆ ಕಣ್ಣು ಮಾಡಿದ. ಅಪ್ಪ ಹತ್ತಿ ಕೂತರು. ಸ್ಟೀರಿಂಗ್ ನಮ್ಮಲ್ಲಿಯಂತೆ ಬಲಗಡೆಗೇ ಇದೆ. ಕ್ಲಚ್ ಒತ್ತಿ, ಒಂದು, ಎರಡು, ಮೂರು, ನಾಲ್ಕು, ಎಲ್ಲ ಗೇರನ್ನೂ ಹಾಕಿ ತೆಗೆದರು. ಎಂಜಿನ್ ಶುರು ಮಾಡದೆ ಇಳಿದುಬಿಟ್ಟರು. “ಬ್ಯಾಡ. ಲೈಸೆನ್ಸ್ ರಿನ್ಯೂ ಮಾಡ್ಸಿಲ್ಲ.”

ಪುಣೆಗೆ ಬಂದು ಒಂದು ವಾರವಾದ ಮೇಲೆ, ಊಟದ ಹೊತ್ತಿನಲ್ಲಿ ಕೇಳಿದರು, “ಮೇ ತಿಂಗಳಲ್ಲಿ ನಿನಗೆ ರಜೆ ಸಿಗ್ತದಾ?” ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಚೆನ್ನಾಗಿ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣುತ್ತದೆ. ಅದರ ಹತ್ತಿರ ಜೀಪು ಹೋಗುವಷ್ಟು ನೆಲ ಒಣಗಿರುತ್ತದೆಯಂತೆ. ಅಲ್ಲಿಂದ ನಮ್ಮೂರಿನ ದಿಕ್ಕು ಅವರಿಗೆ ಗೊತ್ತು.

ರಜೆಗೆ ಅರ್ಜಿ ಹಾಕಿದ್ದೇನೆ. ಆ ವಾರವೇ ರಿಲೀಸ್ ಇದೆ ಎನ್ನುತ್ತಿದ್ದಾರೆ ಮ್ಯಾನೇಜರ್, ಒಪ್ಪಿಗೆ ಇನ್ನೂ ಬಂದಿಲ್ಲ.