ನೋವಿನ ನುಡಿ, ಸಾವಿನ ವೇಷ

ಮನೆಯ ಮಗ ಕಪ್ಪಂಗಿ ತೊಟ್ಟು, ಸಾವು, ಸಮಾಧಿ, ಹತಾಶೆಗಳನ್ನೇ ಹಾಡುವ ಮೆಟಲ್ ಸಂಗೀತಕ್ಕೆ ಮನಸೋತರೆ ಹಿರಿಯರ ಎದೆ ನಡುಗುವುದು ಸಹಜ. ಆದರೆ ಹಾಡಿನಲ್ಲಿ ಸಾವಿನ ಮಾತಿದೆ ಎಂಬಷ್ಟಕ್ಕೇ ಅದನ್ನು ವಿಷವೆಂದು ತೀರ್ಮಾನಿಸುವುದು ದುಡುಕು. ಆ ಮಾತು ಎಲ್ಲಿ ಹುಟ್ಟಿತೆಂದು ಮೊದಲು ವಿಚಾರಿಸಬೇಕು.

ಈ ಸಂಗೀತದ ತವರು ಇಂಗ್ಲೆಂಡಿನ ಕಾರ್ಖಾನೆಗಳ ನಗರವಾದ ಬರ್ಮಿಂಗ್‌ಹ್ಯಾಮ್. ಅಲ್ಲಿ 1968ರಲ್ಲಿ ಕೂಡಿದ ಬ್ಲ್ಯಾಕ್ ಸಬ್ಬತ್ ತಂಡದ ನಾಲ್ವರೂ ದುಡಿಯುವ ಮನೆಗಳ ಮಕ್ಕಳು. ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ಪ್ರಾಯದಲ್ಲಿ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡು, ಪ್ಲಾಸ್ಟಿಕ್ ಕರಗಿಸಿ ಮಾಡಿದ ಕೃತಕ ತುದಿಗಳನ್ನು ತೊಟ್ಟು ನುಡಿಸಿದವರು. ಯುದ್ಧ, ಅಣುಬಾಂಬು, ಮಾದಕ ವ್ಯಸನ ಇವರ ಗೀತೆಗಳ ವಸ್ತು. ಕಂಡ ಕತ್ತಲೆಯನ್ನು ಕತ್ತಲೆಯೆಂದೇ ನುಡಿದರು; ಅದರಲ್ಲಿ ದೋಷವೇನಿದೆ?

ದೋಷವಿರುವುದು ನೋವು ವೇಷವಾದಾಗ. ನಾರ್ವೆಯ ಮೇಹೆಮ್ ತಂಡದ ಗಾಯಕನೊಬ್ಬ 'ಸತ್ತವನು' ಎಂಬ ಅರ್ಥದ 'ಡೆಡ್' ಎಂಬ ಹೆಸರನ್ನೇ ಇಟ್ಟುಕೊಂಡಿದ್ದ. 1991ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಆತ ಪ್ರಾಣ ಕಳೆದುಕೊಂಡಾಗ ತಂಡದ ಸಂಗಾತಿಯೊಬ್ಬ ಪೊಲೀಸರನ್ನು ಕರೆಯುವ ಮೊದಲು ಶವದ ಛಾಯಾಚಿತ್ರ ತೆಗೆದ. ಆ ಚಿತ್ರ 1995ರಲ್ಲಿ ಅನಧಿಕೃತ ಧ್ವನಿಮುದ್ರಿಕೆಯೊಂದರ ಹೊದಿಕೆಯಾಯಿತು. ನೊಂದ ಜೀವವನ್ನು ಅಲಂಕಾರದ ವಸ್ತುವಾಗಿ ಕಂಡ ಈ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಸಲ್ಲದು.

ಇದಕ್ಕೆ ಪ್ರತಿಯಾಗಿ, ಎಲ್ಲ ಹೊಣೆಯನ್ನೂ ಹಾಡಿನ ಮೇಲೆ ಹೊರಿಸಿದವರೂ ಉಂಟು. ಅಮೆರಿಕದ ನೆವಾಡಾದಲ್ಲಿ 1985ರಲ್ಲಿ ಇಬ್ಬರು ತರುಣರು ಪ್ರಾಣ ಕಳೆದುಕೊಳ್ಳಲು ಯತ್ನಿಸಿ, ಒಬ್ಬ ಅಂದೇ ತೀರಿಕೊಂಡ. ಜೂಡಾಸ್ ಪ್ರೀಸ್ಟ್ ತಂಡದ ಹಾಡಿನಲ್ಲಿ ಅಡಗಿದ್ದ ಗುಪ್ತ ಮಾತುಗಳೇ ಕಾರಣವೆಂದು ಕುಟುಂಬದವರು ದಾವೆ ಹೂಡಿದರು. 1990ರಲ್ಲಿ ನ್ಯಾಯಾಲಯ ಆ ದಾವೆಯನ್ನು ತಳ್ಳಿಹಾಕಿತು. (ಈ ಹಾಡುಗಳಲ್ಲಿ ಬಹಿರಂಗ ಮಾತುಗಳೇ ಕಿವಿಗೆ ಸ್ಪಷ್ಟವಾಗಿ ಬೀಳುವುದು ಅಪರೂಪ!) ವಿಚಾರಣೆಯಲ್ಲಿ ಮಾದಕ ವ್ಯಸನ, ಮನೆಯೊಳಗಿನ ಕಲಹಗಳ ಮಾತು ಬಂದಿತ್ತು. ಮಗುವಿನ ಮೌನ, ಕೆಟ್ಟ ನಿದ್ರೆ, ಬೇಡವಾದ ಊಟ, ಬದುಕು ಸಾಕೆಂಬ ಮಾತು ಇವುಗಳನ್ನು ಬಿಟ್ಟು ಧ್ವನಿಮುದ್ರಿಕೆಯನ್ನು ತಪಾಸಣೆ ಮಾಡುವುದು ವ್ಯರ್ಥ. ಅಂಥ ಲಕ್ಷಣ ಕಂಡಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು; 2022ರಿಂದ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯೂ ಇದೆ.

ಮೆಟಾಲಿಕಾ ತಂಡದ 'ಫೇಡ್ ಟು ಬ್ಲ್ಯಾಕ್' 1984ರ ಗೀತೆ. ಬದುಕಿನ ಆಸೆ ಕಳೆದುಕೊಂಡವನ ಅಂತರಂಗವೇ ಅದರ ವಸ್ತು. ಅದರ ವಿರುದ್ಧ ಟೀಕೆಗಳೂ ಎದ್ದವು. ತಮ್ಮ ಒಡಲ ಮಾತನ್ನೇ ಅದು ಆಡಿತೆಂದು ಕೇಳುಗರು ಬರೆದ ಪತ್ರಗಳೂ ಬಂದವು. ತನ್ನಂತೆ ನೊಂದವನು ಇನ್ನೊಬ್ಬನಿದ್ದಾನೆಂದು ತಿಳಿಯುವುದು ಒಂಟಿ ಜೀವಕ್ಕೆ ಸಣ್ಣ ಆಸರೆಯಲ್ಲ. ಆದರೆ ಆ ಆಸರೆ ಮನೆಯಲ್ಲೇ ಏಕೆ ದೊರೆಯಲಿಲ್ಲ?

2011ರ ಅಕ್ಟೋಬರ್ 30ರಂದು ಇದೇ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಸಾವಿರಾರು ತರುಣರು ನೆರೆದಿದ್ದರು. "ಏನು ಕೇಳ್ತೀಯಪ್ಪಾ, ನನಗೂ ಒಂದಿಷ್ಟು ಕೇಳಿಸು" ಎಂದು ಅವರಲ್ಲಿ ಎಷ್ಟು ಜನರ ತಂದೆತಾಯಿಗಳು ಒಮ್ಮೆಯಾದರೂ ಪಕ್ಕದಲ್ಲಿ ಕುಳಿತಿದ್ದರು?